ದೊಣೆಯಲ್ಲಿ ಕಾಯುವ ಜೀವಗಳು: ಸೀಡರ್ ಪಾರ್ಕ್‌ನಿಂದ ಬಿಗ್ ಬೆಂಡ್‌ವರೆಗೆ

ಇವತ್ತಿನ ಸಂಚಿಕೆ ಒಂದು ಪ್ರವಾಸದ ದಾರಿ ಹಿಡಿದು ಸಾಗುತ್ತೆ. ನಾನಿರೋದು ಟೆಕ್ಸಸ್‌ನ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ, ಕೆಲಸ ಜೀವವಿಜ್ಞಾನದ ಸಂಶೋಧನೆ. ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್ ಅಥವಾ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ರಜೆ ಹತ್ತಿರ ಬಂತು ಅಂದ್ರೆ ಇಲ್ಲಿನ ಕನ್ನಡದ ಮನೆಗಳಲ್ಲಿ "ಈ ಸಲ ಬಿಗ್ ಬೆಂಡ್ ನೋಡ್ಕೊಂಡು ಬರೋಣ್ವಾ?" ಅನ್ನೋ ಮಾತು ಶುರುವಾಗುತ್ತೆ. ಹೋಗಿ ಬಂದವರು ಫೋಟೋ ತೋರಿಸುತ್ತಾ ಹೇಳೋದು ಹೆಚ್ಚುಕಡಿಮೆ ಒಂದೇ ಮಾತು: "ಜಾಗ ಅದ್ಭುತ. ಆದ್ರೆ ಬರೀ ಕಲ್ಲು, ಮಣ್ಣು. ಜೀವ ಅನ್ನೋದೇ ಕಾಣಲ್ಲ."

ಕಾಣಲ್ಲ ಅನ್ನೋದು ನಿಜ. ಆದರೆ ಇಲ್ಲ ಅನ್ನೋದು ನಿಜ ಅಲ್ಲ. ಮರುಭೂಮಿಯ ಜೀವ ಬಹುಪಾಲು ಸಮಯ ಕಾಯುತ್ತಾ ಇರುತ್ತೆ. ಮಳೆಗಾಗಿ ಕಾಯುತ್ತೆ. ಕಾಯುವಾಗ ಅದು ಧೂಳಿನಂತೆ, ಕಪ್ಪು ಮಣ್ಣಿನಂತೆ, ಒಣಗಿದ ಕಸದಂತೆ ಕಾಣುತ್ತೆ. ನಾವು ಅದನ್ನು ಗುರುತಿಸದೆ ಅದರ ಮೇಲೇ ಕಾಲಿಟ್ಟುಬಿಡ್ತೀವಿ. ಇವತ್ತು ಅಂಥ ನಾಲ್ಕು ಕಾಯುವ ಜೀವಗಳನ್ನು ನೋಡೋಣ. ಆಮೇಲೆ, ಕಾಯೋದಕ್ಕೆ ಬಾರದ ಐದನೆಯ ಜೀವಿಯ ಬಗ್ಗೆಯೂ ಮಾತಾಡೋಣ.

ಹೊರಡೋಕೆ ಮುಂಚೆ ನಮ್ಮ ಊರಿನ ನೆಲವನ್ನೇ ಒಂದು ಸಲ ನೋಡಿ. ಸೀಡರ್ ಪಾರ್ಕ್‌ನ ಸೀಡರ್ ನಿಜವಾಗಿ ಸೀಡರ್ ಮರವೇ ಅಲ್ಲ. ಅದು ಆಶ್ ಜುನಿಪರ್. ಚಳಿಗಾಲದಲ್ಲಿ ಕಣ್ಣು ಮೂಗು ಸುರಿಸುವ "ಸೀಡರ್ ಫೀವರ್"ಗೆ ಇದರ ಪರಾಗವೇ ಕಾರಣ. ಈ ಮರ ಬೇರೂರಿರೋದು ತೆಳು ಮಣ್ಣಿನ ಕೆಳಗಿರುವ ಸುಣ್ಣದ ಕಲ್ಲಿನಲ್ಲಿ. ಸುಮಾರು 10 ಕೋಟಿ ವರ್ಷದ ಹಿಂದೆ ಟೆಕ್ಸಸ್‌ನ ಬಹುಭಾಗ ಬೆಚ್ಚನೆಯ, ಆಳವಿಲ್ಲದ ಸಮುದ್ರವಾಗಿತ್ತು. ಆ ಸಮುದ್ರದ ಚಿಪ್ಪು, ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಯಿತು. ಹಿತ್ತಿಲಲ್ಲಿ ಗಿಡ ನೆಡಲು ಹಾರೆ ಹಾಕಿದಾಗ ಠಣ್ ಅನ್ನುತ್ತಲ್ಲ, ಅದು ಹಳೆಯ ಸಮುದ್ರದ ತಳ. ಇದನ್ನು ನೆನಪಿಟ್ಟುಕೊಳ್ಳಿ. ಏಳೆಂಟು ಗಂಟೆ ಡ್ರೈವ್ ಮಾಡಿ ಬಿಗ್ ಬೆಂಡ್ ತಲುಪಿದ ಮೇಲೆ ಇದೇ ಸಮುದ್ರ ಮತ್ತೆ ಸಿಗುತ್ತೆ.

ದಾರಿಯಲ್ಲಿ ಮೊದಲ ನಿಲ್ದಾಣ ಫ್ರೆಡೆರಿಕ್ಸ್‌ಬರ್ಗ್ ಹತ್ತಿರದ ಎನ್‌ಚಾಂಟೆಡ್ ರಾಕ್. ಇಲ್ಲಿ ಸುಣ್ಣದ ಕಲ್ಲಿಲ್ಲ. ನೂರು ಕೋಟಿ ವರ್ಷಕ್ಕೂ ಹಳೆಯದಾದ ಗುಲಾಬಿ ಗ್ರಾನೈಟ್‌ನ ಬೋಳು ಗುಡ್ಡ, ಬುಡದಿಂದ ತುದಿಗೆ 425 ಅಡಿ. ಮಧುಗಿರಿಯ ಏಕಶಿಲೆಯನ್ನೋ ರಾಮನಗರದ ಬೆಟ್ಟಗಳನ್ನೋ ಹತ್ತಿದವರಿಗೆ ಕಾಲಿಗೆ ತಾಗುವ ಒರಟು ಕಲ್ಲು ಪರಿಚಿತ ಅನಿಸುತ್ತೆ. ವಯಸ್ಸಿನಲ್ಲಿ ಮಾತ್ರ ನಮ್ಮದೇ ಹಿರಿದು. ರಾಮನಗರದ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ.

ಗುಡ್ಡದ ತಲೆಯ ಮೇಲೆ ಅಲ್ಲಲ್ಲಿ ತಟ್ಟೆಯಂಥ, ಬಾಣಲೆಯಂಥ ಗುಂಡಿಗಳಿವೆ. ಮಳೆ ಬಂದಾಗ ನೀರು ನಿಲ್ಲುತ್ತೆ, ಕೆಲವು ವಾರಗಳಲ್ಲಿ ಆರಿಹೋಗುತ್ತೆ. ಇದಕ್ಕೆ ಕನ್ನಡದಲ್ಲಿ ಚಂದದ ಪದವೇ ಇದೆ, ದೊಣೆ. ತುಮಕೂರು, ಚಿತ್ರದುರ್ಗದ ಕಡೆ ಬೆಟ್ಟದ ಮೇಲೆ ನೀರು ನಿಲ್ಲುವ ಕಲ್ಲಿನ ಗುಂಡಿಗೆ ದೊಣೆ ಅಂತಾರೆ. ದೊಣೆ ಹೇಗೆ ಆಗುತ್ತೆ? ಮೊದಲು ಕಲ್ಲಿನ ಮೇಲೆ ಸಣ್ಣ ತಗ್ಗು. ಅಲ್ಲಿ ನಿಂತ ನೀರು ಗ್ರಾನೈಟ್‌ನಲ್ಲಿರುವ ಫೆಲ್ಡ್‌ಸ್ಪಾರ್ ಅನ್ನೋ ಖನಿಜವನ್ನು ನಿಧಾನಕ್ಕೆ ಜೇಡಿಯಾಗಿ ಬದಲಿಸುತ್ತೆ. ಒಣಗಿದಾಗ ಗಾಳಿ ಆ ಪುಡಿಯನ್ನು ಹೊತ್ತೊಯ್ಯುತ್ತೆ. ತಗ್ಗು ಕೊಂಚ ದೊಡ್ಡದಾಗಿ, ಮುಂದಿನ ಮಳೆಗೆ ಕೊಂಚ ಹೆಚ್ಚು ನೀರು ಹಿಡಿಯುತ್ತೆ. ಹೀಗೇ ಸಾವಿರಾರು ವರ್ಷ.

ಒಣ ದೊಣೆಯ ತಳದಲ್ಲಿರುವ ಚಿಟಿಕೆ ಮಣ್ಣಿನಲ್ಲಿ ನಮ್ಮ ಮೊದಲ ಕಾಯುವ ಜೀವ ಇದೆ. ಹೆಸರು ಫೇರಿ ಶ್ರಿಂಪ್. ಸಿಗಡಿಯ ದೂರದ ಸಂಬಂಧಿ, ಒಂದೆರಡು ಸೆಂಟಿಮೀಟರ್ ಉದ್ದ, ಮೈ ಗಾಜಿನಂತೆ ಪಾರದರ್ಶಕ. ಹನ್ನೊಂದು ಜೊತೆ ಕಾಲುಗಳನ್ನು ಹುಟ್ಟಿನಂತೆ ಬೀಸುತ್ತಾ ಅಂಗಾತ ಈಜುತ್ತೆ. ಮಳೆ ಬಂದು ದೊಣೆ ತುಂಬಿದ ಮೇಲೆ ಮೊಟ್ಟೆಯೊಡೆದು, ಬೆಳೆದು, ಕೂಡಿ, ಮತ್ತೆ ಮೊಟ್ಟೆಯಿಟ್ಟು ಸಾಯೋದಕ್ಕೆ ಅದಕ್ಕೆ ಸಿಗೋದು ಕೆಲವೇ ವಾರ. ನೀರು ಆರಿದರೆ ದೊಡ್ಡ ಪ್ರಾಣಿ ಉಳಿಯಲ್ಲ. ಉಳಿಯೋದು ಮೊಟ್ಟೆ ಮಾತ್ರ.

ಮೊಟ್ಟೆ ಅನ್ನೋದಕ್ಕಿಂತ ಗಟ್ಟಿ ಕವಚದೊಳಗೆ ಬೆಳವಣಿಗೆ ನಿಲ್ಲಿಸಿ ಕೂತ ಭ್ರೂಣ ಅನ್ನಬೇಕು. ಇದರ ಬಳಗದ ಆರ್ಟೀಮಿಯಾ ಅನ್ನೋ ಜೀವಿಯಲ್ಲಿ ಇದು ಹೇಗೆ ಸಾಧ್ಯ ಅಂತ ಚೆನ್ನಾಗಿ ಅಧ್ಯಯನವಾಗಿದೆ. ಜೀವಕೋಶದಿಂದ ನೀರು ಹೋದಾಗ ಒಳಗಿನ ಪ್ರೋಟೀನು, ಪೊರೆಗಳು ಒಂದಕ್ಕೊಂದು ಅಂಟಿ ಹಾಳಾಗಬೇಕು. ಆರ್ಟೀಮಿಯಾದ ಭ್ರೂಣದಲ್ಲಿ ಟ್ರೆಹಲೋಸ್ ಅನ್ನೋ ಸಕ್ಕರೆ ತುಂಬಿರುತ್ತೆ. ನೀರು ಬಿಟ್ಟುಹೋದ ಜಾಗದಲ್ಲಿ ಈ ಸಕ್ಕರೆ ಕೂತು, ಗಟ್ಟಿ ಗಾಜಿನಂತಾಗಿ ಎಲ್ಲವನ್ನೂ ಇದ್ದಲ್ಲೇ ಹಿಡಿದಿಡುತ್ತೆ. ಗಟ್ಟಿ ಪಾಕದೊಳಗೆ ಹಣ್ಣಿನ ತುಂಡು ಕೆಡದೆ ಕೂರುತ್ತಲ್ಲ, ಸ್ವಲ್ಪ ಹಾಗೆ. ಮಳೆ ಬಿದ್ದಾಗ ಸಕ್ಕರೆ ಕರಗುತ್ತೆ, ಭ್ರೂಣ ಬಿಟ್ಟಲ್ಲಿಂದ ಮುಂದುವರಿಯುತ್ತೆ.

ಇದಕ್ಕಿಂತ ಕುತೂಹಲದ ವಿಷಯ ಇನ್ನೊಂದಿದೆ. ಮೊದಲ ಮಳೆಗೆ ಎಲ್ಲಾ ಮೊಟ್ಟೆಗಳೂ ಒಡೆಯಲ್ಲ. ಒಂದಷ್ಟು ಮಾತ್ರ ಒಡೆದು, ಉಳಿದವು ಮುಂದಿನ ಮಳೆಗೋ ಅದರ ಮುಂದಿನದಕ್ಕೋ ಕಾಯುತ್ತವೆ. ಯಾಕೆ? ನಮ್ಮ ರೈತರನ್ನು ಕೇಳಿ. ಮುಂಗಾರಿನ ಮೊದಲ ಹದಕ್ಕೇ ಮನೆಯಲ್ಲಿರೋ ಬೀಜವನ್ನೆಲ್ಲ ಬಿತ್ತಿ, ಆಮೇಲೆ ಮಳೆ ಕೈಕೊಟ್ಟರೆ ಗತಿಯೇನು? ಬುದ್ಧಿವಂತ ರೈತ ಸ್ವಲ್ಪ ಬೀಜ ಉಳಿಸಿಕೊಂಡೇ ಇರ್ತಾನೆ. ಮಳೆ ನಂಬೋಕಾಗದ ಜಾಗದಲ್ಲಿ ಬೀಜದ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುವ ಗಿಡವೇ ದೀರ್ಘಕಾಲದಲ್ಲಿ ಗೆಲ್ಲುತ್ತೆ ಅಂತ 1966ರಲ್ಲಿ ಡ್ಯಾನ್ ಕೋಹೆನ್ ಅನ್ನೋ ವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ಅವರು ಹೇಳಿದ್ದು ಮರುಭೂಮಿಯ ಗಿಡಗಳ ಬಗ್ಗೆ. ದೊಣೆಯ ಫೇರಿ ಶ್ರಿಂಪ್‌ಗೂ ಅದೇ ಲೆಕ್ಕ.

ಈಗ ನೋಡಿ, ಒಣ ದೊಣೆಯ ತಳದ ಆ ಒಂದು ಹಿಡಿ ಮಣ್ಣು ಅಂದ್ರೆ ಬರೀ ಈ ವರ್ಷದ ಮಕ್ಕಳಲ್ಲ, ಮುಂದಿನ ಹಲವು ವರ್ಷಗಳ ಬಿತ್ತನೆ ಬೀಜ. ಫೋಟೋಗೆ ನಿಲ್ಲೋಕೆ ಅದರಲ್ಲಿ ಇಳಿದರೆ, ಮಕ್ಕಳು ಅದನ್ನು ಕೆದಕಿ ಆಡಿದರೆ ಶೂ ಕೆಳಗೆ ಪುಡಿಯಾಗೋದು ಆ ಬೀಜ. ದೊಣೆಗಳಲ್ಲಿ ಕಾಲಿಡಬೇಡಿ ಅಂತ ಪಾರ್ಕಿನವರು ಕೇಳಿಕೊಳ್ಳೋದು ಇದಕ್ಕೇ.

ಎನ್‌ಚಾಂಟೆಡ್ ರಾಕ್‌ನಿಂದ ಇಳಿದು ಪಶ್ಚಿಮಕ್ಕೆ ಹೊರಟರೆ ಐ-10 ಹೆದ್ದಾರಿ ಸಿಗುತ್ತೆ. ಓಕ್ ಮರಗಳು ಕುಳ್ಳಾಗುತ್ತಾ, ವಿರಳವಾಗುತ್ತಾ ಹೋಗುತ್ತವೆ. ಫೋರ್ಟ್ ಸ್ಟಾಕ್‌ಟನ್‌ನಲ್ಲಿ ಎಡಕ್ಕೆ ತಿರುಗಿ ಮ್ಯಾರಥಾನ್ ಅನ್ನೋ ಪುಟ್ಟ ಊರು ದಾಟಿದರೆ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನ. 1944ರಲ್ಲಿ ಶುರುವಾದದ್ದು, 8 ಲಕ್ಷ ಎಕರೆಗೂ ಹೆಚ್ಚು. ಇದು ಮೆಕ್ಸಿಕೋದೊಳಕ್ಕೆ ದೂರದವರೆಗೆ ಹಬ್ಬಿರುವ ಚಿಹುವಾಹುವಾ ಮರುಭೂಮಿಯ ಒಂದು ತುಣುಕು.

ಎಲ್ಲರೂ ನೋಡಲೇಬೇಕು ಅನ್ನೋದು ಸಾಂತಾ ಎಲೆನಾ ಕಮರಿ. ರಿಯೋ ಗ್ರಾಂಡೆ ನದಿ ಸುಣ್ಣದ ಕಲ್ಲನ್ನು ಕೊರೆದು ಹೊರಬರುವ ಬಾಯಲ್ಲಿ ನಿಂತರೆ, ಎಡಗಡೆಯ ಗೋಡೆ ಮೆಕ್ಸಿಕೋ, ಬಲಗಡೆಯದು ಟೆಕ್ಸಸ್. ಎತ್ತರ ಸುಮಾರು 1,500 ಅಡಿ, ನಮ್ಮ ಜೋಗದ ಎತ್ತರದ ಒಂದೂಮುಕ್ಕಾಲು ಪಟ್ಟು. ಈ ಗೋಡೆ ಯಾವುದರದ್ದು ಗೊತ್ತಾ? ಸೀಡರ್ ಪಾರ್ಕ್‌ನ ಹಿತ್ತಿಲಲ್ಲಿ ಠಣ್ ಅಂದಿತಲ್ಲ, ಅದೇ ಕಾಲದ ಸಮುದ್ರದ ತಳ. ಅಲ್ಲಿ ಹಾರೆಗೆ ಸಿಕ್ಕಿದ ಸಮುದ್ರ ಇಲ್ಲಿ ಮೇಲೆದ್ದು ನಿಂತಿದೆ, ನದಿ ಅದನ್ನು ಸೀಳಿ ಪದರಗಳನ್ನು ತೆರೆದು ತೋರಿಸಿದೆ.

ಸುಣ್ಣದ ಕಲ್ಲಿನಲ್ಲೂ ದೊಣೆಗಳಾಗುತ್ತವೆ. ಇಲ್ಲಿ ಅವನ್ನು ಟಿನಾಹಾ ಅಂತಾರೆ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ದೊಡ್ಡ ಮಣ್ಣಿನ ಗಡಿಗೆ ಅಂತ ಅರ್ಥ, ನಮ್ಮ ಗುಡಾಣ, ಹರವಿ ಇದ್ದ ಹಾಗೆ. ಉದ್ಯಾನದ ಪೂರ್ವಭಾಗದಲ್ಲಿರುವ ಅರ್ನ್‌ಸ್ಟ್ ಟಿನಾಹಾ ಇವುಗಳಲ್ಲಿ ಹೆಸರಾದದ್ದು. ಸುತ್ತಲ ಪ್ರಾಣಿಗಳಿಗೆ ಇಂಥ ಗುಂಡಿಗಳೇ ಕುಡಿಯುವ ನೀರು. ನೀರು ತಳ ಮುಟ್ಟಿದಾಗ ಇದು ಅಪಾಯವೂ ಹೌದು. ಕುಡಿಯಲು ಇಳಿದ ಪ್ಯೂಮಾದಂಥ ಬಲಶಾಲಿ ಪ್ರಾಣಿ ಕೂಡ ನುಣುಪಾದ ಗೋಡೆ ಹತ್ತಲಾರದೆ ಮುಳುಗಿ ಸಾಯುವುದುಂಟು. ಇಲ್ಲಿ ಒಂದು ಸರಳ ಲೆಕ್ಕ ಹಾಕಿ. ಇದು ಹರಿಯುವ ನೀರಲ್ಲ. ನಾವು ಕೈಕಾಲು ತೊಳೆದರೆ ಮೈಗೆ ಹಚ್ಚಿದ ಸನ್‌ಸ್ಕ್ರೀನ್, ತಲೆಗೆ ಹಾಕಿದ ಎಣ್ಣೆ ಮುಂದಿನ ದೊಡ್ಡ ಮಳೆಯವರೆಗೂ ಅಲ್ಲೇ. ಅಷ್ಟು ದಿನ ಅದನ್ನು ಕುಡಿಯೋದು ಯಾರು?

ಈ ನೆಲದ ಎರಡನೆಯ ಕಾಯುವ ಜೀವ ಒಂದು ಕಪ್ಪೆ, ಕೌಚ್‌ನ ಸ್ಪೇಡ್‌ಫುಟ್. ಹಿಂಗಾಲಿನಲ್ಲಿ ಸಣ್ಣ ಗುದ್ದಲಿಯಂಥ ಕಪ್ಪು ಗೆಣ್ಣು ಇದೆ. ಅದರಿಂದ ಹಿಮ್ಮುಖವಾಗಿ ಮಣ್ಣು ತೋಡಿ ಒಳಗಿಳಿದು ವರ್ಷದ ಹೆಚ್ಚಿನ ಭಾಗ ಅಲ್ಲೇ ಇರುತ್ತೆ. ಮೇಲೆ ಮಳೆ ಬಂತು ಅಂತ ಕೆಳಗಿರೋ ಕಪ್ಪೆಗೆ ಗೊತ್ತಾಗೋದು ಹೇಗೆ? ತೇವ ತಲುಪೋದಕ್ಕೂ ಮೊದಲೇ, ಮಳೆ ನೆಲಕ್ಕೆ ಬಡಿಯುವ ಕಂಪನ ಕೇಳಿಯೇ ಅದು ಮೇಲೆ ಬರುತ್ತೆ ಅಂತ ಡಿಮಿಟ್ ಮತ್ತು ರೂಯಿಬಾಲ್ ಅನ್ನೋ ಇಬ್ಬರು 1980ರಲ್ಲಿ ಪ್ರಕಟಿಸಿದರು. ಬಂದ ರಾತ್ರಿಯೇ ಕೂಗಿ, ಕೂಡಿ, ಮೊಟ್ಟೆ. ಬೆಚ್ಚನೆಯ ನೀರಲ್ಲಿ ಸುಮಾರು ಒಂದು ದಿನಕ್ಕೆ ಗೊದಮೊಟ್ಟೆ, ಎಂಟು-ಹತ್ತು ದಿನಕ್ಕೆ ಕಾಲು ಬಂದ ಮರಿ. ಗುಂಡಿಯ ನೀರು ಆರೋದರೊಳಗೆ ಸಂಸಾರ ಮುಗಿಸುವ ಓಟ.

ಮೂರನೆಯದು ದಾರಿಬದಿಯಲ್ಲೇ ಸಿಗುತ್ತೆ. ಒಣಗಿ ಮುದುಡಿದ ಕಂದು ಉಂಡೆ. ನೀರು ಸೋಕಿದರೆ ಕೆಲವೇ ಗಂಟೆಗಳಲ್ಲಿ ಬಿಚ್ಚಿಕೊಂಡು ಹಸಿರಾಗುತ್ತೆ. ಸೆಲಾಜಿನೆಲ್ಲಾ ಲೆಪಿಡೊಫಿಲಾ ಅನ್ನೋ ಈ ಗಿಡಕ್ಕೆ ಇಲ್ಲಿನವರು ಪುನರುತ್ಥಾನದ ಗಿಡ ಅಂತಾರೆ. ಇದರ ಸೋದರಿ ಸೆಲಾಜಿನೆಲ್ಲಾ ಬ್ರಯಾಪ್ಟೆರಿಸ್ ಭಾರತದಲ್ಲಿ "ಸಂಜೀವಿನಿ" ಅನ್ನೋ ಹೆಸರಲ್ಲಿ ಯಾತ್ರಾಸ್ಥಳಗಳ ಅಂಗಡಿಗಳಲ್ಲಿ ಮಾರಾಟವಾಗುತ್ತೆ. ಎರಡೂ ಕಡೆ ಕಥೆ ಒಂದೇ: ಕಾಯೋದರಲ್ಲಿ ನಿಪುಣವಾದ ಗಿಡವನ್ನು ಕಿತ್ತು ತಂದು ಆಟಿಕೆ ಮಾಡ್ತೀವಿ. ಉದ್ಯಾನದಿಂದ ಗಿಡ, ಕಲ್ಲು, ಪಳೆಯುಳಿಕೆ ಏನನ್ನೂ ತರುವಂತಿಲ್ಲ ಅನ್ನೋದು ಕಾನೂನೂ ಹೌದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಡಿಮೆ ಕಣ್ಣಿಗೆ ಬೀಳುವಂಥದ್ದು. ಅದು ಮಣ್ಣಿನ ಜೀವಂತ ಹೊದಿಕೆ. ಬಿಗ್ ಬೆಂಡ್‌ನಲ್ಲೂ ಇದೆ, ಆದರೆ ಚೆನ್ನಾಗಿ ನೋಡಬೇಕಾದರೆ ಯೂಟಾದ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನಗಳಿಗೆ ಹೋಗಬೇಕು. ಬಿಗ್ ಬೆಂಡ್ ನೋಡಿ ರುಚಿ ಹತ್ತಿದವರು ಮುಂದಿನ ರಜೆಗೆ ಎರಡು ದಿನ ಕಾರು ಓಡಿಸಿ ಹೋಗೋದು ಅಲ್ಲಿಗೇ ಅಲ್ವಾ? ಅಲ್ಲಿ ಕೆಂಪು ಮರಳಿನ ಮೇಲೆ, ಪಾತ್ರೆಯ ತಳಕ್ಕೆ ಹತ್ತಿ ಸೀದ ಅನ್ನದಂತೆ, ಕಪ್ಪು ಕಪ್ಪಾಗಿ ಗಂಟುಗಂಟಾದ ಪದರ ಕಾಣುತ್ತೆ. ಕೊಳಕು ಮಣ್ಣು ಅಂದುಕೊಳ್ಳುವ ಹಾಗಿರುತ್ತೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದೊಂದು ನೇಯ್ಗೆ. ಮೈಕ್ರೋಕೋಲಿಯಸ್ ಅನ್ನೋ ಸಯನೋಬ್ಯಾಕ್ಟೀರಿಯಾ ದಾರದಂತೆ ಬೆಳೆಯುತ್ತೆ, ಸುತ್ತ ಅಂಟಿನ ಕೊಳವೆ ಕಟ್ಟಿಕೊಳ್ಳುತ್ತೆ. ಮಳೆ ಬಂದಾಗ ದಾರ ಕೊಳವೆಯಿಂದ ಹೊರಟು ಮೇಲಕ್ಕೆ ಸರಿಯುತ್ತೆ, ಒಣಗಿದಾಗ ಸುಮ್ಮನಾಗುತ್ತೆ. ಬಿಟ್ಟುಹೋದ ಹಳೆಯ ಕೊಳವೆಗಳು ಮರಳಿನ ಕಾಳುಗಳನ್ನು ಪೋಣಿಸಿ ಹಿಡಿದಿರುತ್ತವೆ. ಆಮೇಲೆ ಕಲ್ಲುಹೂವು, ಪಾಚಿಗಳು ಬಂದು ಸೇರುತ್ತವೆ. ಇವುಗಳಲ್ಲಿ ಕೆಲವು ಗಾಳಿಯ ಸಾರಜನಕವನ್ನು ಗಿಡಗಳಿಗೆ ಬೇಕಾದ ಗೊಬ್ಬರವಾಗಿ ಬದಲಿಸುತ್ತವೆ. ಸಿಂಟ್ರಿಕಿಯಾ ಕ್ಯಾನಿನರ್ವಿಸ್ ಅನ್ನೋ ಪಾಚಿ ತನ್ನ ಎಲೆಯ ತುದಿಯ ಬಿಳಿ ಕೂದಲಿನಿಂದ ಮಂಜು, ಇಬ್ಬನಿಯ ಹನಿ ಹಿಡಿದು ಎಲೆಗೆ ಇಳಿಸಿಕೊಳ್ಳುತ್ತೆ ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಂಥ ಹೊದಿಕೆ ಭೂಮಿಯ ನೆಲಭಾಗದ ಸುಮಾರು ಶೇ 12ರಷ್ಟನ್ನು ಮುಚ್ಚಿದೆ ಅಂತ 2018ರ ಒಂದು ಅಂದಾಜು.

ಒಣಗಿದಾಗ ಈ ಹೊದಿಕೆ ಹಪ್ಪಳದಷ್ಟು ಸೂಕ್ಷ್ಮ. ಒಂದು ಹೆಜ್ಜೆ ಸಾಕು. ಯೂಟಾದ ಮೋಆಬ್‌ನಲ್ಲಿ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೇನ್ ಬೆಲ್ನಾಪ್. ತುಳಿದ ಜಾಗದಲ್ಲಿ ಸಯನೋಬ್ಯಾಕ್ಟೀರಿಯಾ ಕೆಲವು ವರ್ಷಗಳಲ್ಲಿ ಮರಳಬಹುದು. ಕಲ್ಲುಹೂವು, ಪಾಚಿ ಮರಳೋದಕ್ಕೆ ಹಲವು ದಶಕ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು.

ಅಷ್ಟರಲ್ಲಿ ಏನಾಗುತ್ತೆ? ಕಟ್ಟು ಬಿಚ್ಚಿದ ಮಣ್ಣನ್ನು ಗಾಳಿ ಎತ್ತಿಕೊಳ್ಳುತ್ತೆ. ದನ ಮೇಯಿಸುವುದು, ವಾಹನ ಓಡಿಸುವುದು, ನಮ್ಮಂಥವರ ಕಾಲು, ಎಲ್ಲ ಸೇರಿ ಎಬ್ಬಿಸಿದ ಧೂಳು ರಾಕಿ ಪರ್ವತಗಳ ಹಿಮದ ಮೇಲೆ ಕೂರುತ್ತೆ. ಬಿಳಿ ಹಿಮ ಬಿಸಿಲನ್ನು ಹಿಂದಕ್ಕೆ ಕಳಿಸುತ್ತೆ, ಕೆಂಪು ಧೂಳು ಕೂತ ಹಿಮ ಬಿಸಿಲನ್ನು ಹೀರುತ್ತೆ. ಹಿಮ ಬೇಗ ಕರಗುತ್ತೆ. ಆ ಹಿಮವೇ ಕೊಲೊರಾಡೊ ನದಿ. ನಮ್ಮ ಆಸ್ಟಿನ್ ಮಧ್ಯೆ ಹರಿಯೋ ಅದೇ ಹೆಸರಿನ ನದಿ ಅಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಕೊರೆದ, ಸುಮಾರು 4 ಕೋಟಿ ಜನಕ್ಕೆ ನೀರು ಕೊಡುವ ನದಿ. ಕಾಲ ಕೆಳಗಿನ ಕಪ್ಪು ಪದರಕ್ಕೂ ದೂರದ ಊರಿನ ನಲ್ಲಿ ನೀರಿಗೂ ಸಂಬಂಧ ಇರೋದು ಹೀಗೆ.

ಇಲ್ಲಿವರೆಗೆ ನಾಲ್ಕು ಕಾಯುವ ಜೀವಗಳಾಯ್ತು. ಕಾಯೋದಕ್ಕೆ ಬಾರದ ಐದನೆಯ ಜೀವಿ ನಾವೇ. ನಮ್ಮ ಕೋಶಗಳಲ್ಲಿ ಟ್ರೆಹಲೋಸ್ ತುಂಬಿಲ್ಲ, ನಮಗೆ ಮಣ್ಣೊಳಗೆ ಇಳಿಯೋಕಾಗಲ್ಲ. ಬಿಸಿಲಲ್ಲಿ ಏರುದಾರಿ ನಡೆಯುವ ದೊಡ್ಡವರು ಗಂಟೆಗೆ ಒಂದು ಲೀಟರಿಗೂ ಹೆಚ್ಚು ಬೆವರು ಸುರಿಸಬಹುದು. ಒಣ ಗಾಳಿಯಲ್ಲಿ ಬೆವರು ತಕ್ಷಣ ಆರುವುದರಿಂದ ಬೆವರಿದ್ದೇ ಗೊತ್ತಾಗಲ್ಲ. ಮಂಗಳೂರಿನ ಸೆಕೆಯ ಅನುಭವ ಇಲ್ಲಿ ಲೆಕ್ಕಕ್ಕೆ ಬರಲ್ಲ.

2023ರ ಜೂನ್ 23ರಂದು ಬಿಗ್ ಬೆಂಡ್‌ನ ಮರುಫೋ ವೇಗಾ ದಾರಿಯಲ್ಲಿ ಒಂದು ಕುಟುಂಬ ನಡೆದಿತ್ತು. ಅಂದು ಉಷ್ಣತೆ 119 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 48 ಡಿಗ್ರಿ. ಆ ದಾರಿಯಲ್ಲಿ ನೆರಳೂ ಇಲ್ಲ, ನೀರೂ ಇಲ್ಲ. ಹದಿಹರೆಯದ ಹುಡುಗ ಕುಸಿದು ತೀರಿಕೊಂಡ. ಸಹಾಯ ತರಲು ಕಾರು ಓಡಿಸಿಕೊಂಡು ಹೋದ ಅವನ ಮಲತಂದೆ ಅಪಘಾತದಲ್ಲಿ ಸತ್ತರು. ಉದ್ಯಾನದ ಬಹುಪಾಲು ಜಾಗದಲ್ಲಿ ಫೋನ್ ಸಿಗ್ನಲ್ ಸಿಗಲ್ಲ ಅನ್ನೋದನ್ನು ಇದರ ಜೊತೆ ಸೇರಿಸಿ ಯೋಚಿಸಿ.

ಅದಕ್ಕೇ ಕೆಲವು ಮಾತು. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದ್ರೆ ಸುಮಾರು ಮೂರೂಮುಕ್ಕಾಲು ಲೀಟರ್ ನೀರು, ಉದ್ಯಾನದವರೇ ಹೇಳುವ ಲೆಕ್ಕ. ಬರೀ ನೀರು ಕುಡಿದರೂ ಸಾಲದು. ಬೆವರಿನ ಜೊತೆ ಉಪ್ಪು ಹೋಗುತ್ತೆ, ಉಪ್ಪಿಲ್ಲದೆ ನೀರೊಂದನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ಕುಸಿಯುತ್ತೆ. ಚೀಲದಲ್ಲಿ ಚಕ್ಕುಲಿ, ಖಾರದ ಅವಲಕ್ಕಿ ಇರಲಿ, ಅದು ಬರೀ ಬಾಯಿಚಪಲ ಅಲ್ಲ. ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದೊಯ್ಯುವವರು ವಿಶೇಷವಾಗಿ ಗಮನಿಸಿ. ರಕ್ತದೊತ್ತಡಕ್ಕೆ ಕೊಡುವ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸಿ ದೇಹದ ನೀರಿಳಿಸುತ್ತವೆ. ಹೊರಡೋಕೆ ಮುಂಚೆ ಡಾಕ್ಟರನ್ನು ಕೇಳಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನಡೆಯುವವರು ತೊದಲಿದರೆ, ದಿಕ್ಕುತಪ್ಪಿದಂತೆ ಮಾತಾಡಿದರೆ ಅದು ಬರೀ ಸುಸ್ತಲ್ಲ, ಬಿಸಿಲಿನ ಹೊಡೆತ. ನೆರಳಿಗೆ ತಂದು ಮೈ ಒದ್ದೆ ಮಾಡಿ ಗಾಳಿ ಬೀಸಿ, ಸಹಾಯಕ್ಕೆ ಕಳಿಸಿ. ಬೇಸಿಗೆಯಲ್ಲಿ ನದಿ ಮಟ್ಟದ ಕಮರಿಗಳಿಗಿಂತ ಎತ್ತರದ ಚಿಸೋಸ್ ಬೆಟ್ಟಗಳೇ ತಂಪು, ವ್ಯತ್ಯಾಸ 20 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಇರಬಹುದು.

ಕಾಲಿಡುವ ವಿಷಯಕ್ಕೆ ಮಕ್ಕಳಿಗೆ ಹೇಳಿಕೊಡಲು ಒಂದೇ ಸೂತ್ರ ಸಾಕು: ಟ್ರೇಲ್, ಬಂಡೆ, ಇಲ್ಲವೇ ಒಣ ಹಳ್ಳದ ಮರಳು. ಟ್ರೇಲ್ ಈಗಾಗಲೇ ತುಳಿದದ್ದು. ಬೋಳು ಬಂಡೆ ಸವೆಯಲ್ಲ, ದೊಣೆಯ ಗುಂಡಿ ಮಾತ್ರ ಬಿಡಿ. ಹಳ್ಳದ ಮರಳನ್ನು ಪ್ರತಿ ಪ್ರವಾಹ ಕದಡುವುದರಿಂದ ಅಲ್ಲಿ ಹೊದಿಕೆ ಬೆಳೆದಿರಲ್ಲ. ಆದರೆ ದೂರದಲ್ಲಿ ಮೋಡ ಕಟ್ಟಿದ್ದರೆ ಹಳ್ಳಕ್ಕೆ ಇಳಿಯಲೇಬೇಡಿ. ಮಳೆ ಎಲ್ಲೋ ಬಿದ್ದು ನೀರು ಇಲ್ಲಿಗೆ ಬರುತ್ತೆ. ಸಾಂತಾ ಎಲೆನಾಗೆ ಹೋಗುವಾಗ ದಾಟಬೇಕಾದ ಟರ್ಲಿಂಗ್ವಾ ಹಳ್ಳಕ್ಕೂ ಇದೇ ಮಾತು.

ಮಕ್ಕಳಿಗೆ ಒಂದು ಕೆಲಸವನ್ನೂ ಕೊಡಿ. ಸಾಲಾಗಿ ಫೋಟೋ ತೆಗೆಯೋದರ ಬದಲು, ದಾರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಟ್ಟದೆ, ಒಂದು ಅಂಗೈಯಷ್ಟು ನೆಲವನ್ನು ಐದು ನಿಮಿಷ ನೋಡಲಿ. ಕಪ್ಪೆಷ್ಟು, ಹಸಿರೆಷ್ಟು, ಬಿಳಿ ಕೂದಲು ಎಲ್ಲಿ ಅಂತ ಹುಡುಕಲಿ. ಬಾಟಲಿಯಿಂದ ಎರಡು ಹನಿ ನೀರು ಹಾಕಿ ನೋಡೋಣ ಅಂತ ಕೇಳಿದರೆ ಬೇಡ ಅನ್ನಿ, ಕಾರಣವನ್ನೂ ಹೇಳಿ: ಮಳೆ ಬಂತು ಅಂತ ನಂಬಿ ಎಚ್ಚರವಾದ ಪಾಚಿ, ಕೂಡಿಟ್ಟ ಶಕ್ತಿಯನ್ನು ಖರ್ಚು ಮಾಡಿ, ಗಳಿಸೋಕೆ ಸಮಯ ಸಿಗದೆ ಮತ್ತೆ ಒಣಗುತ್ತೆ. ಚಿಕ್ಕ ಸುಳ್ಳು ಮಳೆ ದೊಡ್ಡ ಬರಕ್ಕಿಂತ ಅದಕ್ಕೆ ಹೆಚ್ಚು ನಷ್ಟ.

ಊರಲ್ಲಿರುವ ಕೇಳುಗರೇ, ನಿಮಗೆ ಬಿಗ್ ಬೆಂಡ್ ಬೇಕಿಲ್ಲ. ಫೇರಿ ಶ್ರಿಂಪ್ ಬಳಗ ನಮ್ಮ ದಕ್ಷಿಣ ಭಾರತದ ಮಳೆಗುಂಡಿಗಳಲ್ಲೂ ಇದೆ. ಈ ಮುಂಗಾರಿನಲ್ಲಿ ಹತ್ತಿರದ ಕಲ್ಲುಬೆಟ್ಟಕ್ಕೆ ಹೋದರೆ ದೊಣೆಯ ನೀರನ್ನು ದಡದಿಂದಲೇ ಬಗ್ಗಿ ನೋಡಿ. ಏನು ಕಂಡಿತು ಅಂತ ನಮಗೆ ಬರೆದು ತಿಳಿಸಿ, ಫೋಟೋ ಇದ್ದರೆ ಇನ್ನೂ ಒಳ್ಳೇದು. ಮುಂದಿನ ಸಂಚಿಕೆಯಲ್ಲಿ ಸಿಗೋಣ.